ನಾವಿಕನ ಕಾಯಕ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ವಾಯುನೆಲೆಯಲ್ಲಿ 1996ರಲ್ಲಿ ಮೊದಲಾದ ವೈಮಾನಿಕ ಪ್ರದರ್ಶನಕ್ಕೆ ಸಹಸ್ರಾರು ಜನ ಹೆಬ್ಬಾಳವನ್ನು ದಾಟಿ ಬರುತ್ತಾರೆ. ಮುಗಿಲನ್ನು ಸೀಳುವ ಯುದ್ಧವಿಮಾನಗಳನ್ನು ಕಂಡು ಬೆರಗಾಗುತ್ತಾರೆ. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ನೌಕಾಪಡೆಗೆ ರೇಡಾರ್, ಸೋನಾರ್ ಯಂತ್ರಗಳನ್ನು ಒದಗಿಸುತ್ತದೆ. ಕಡಲಿಗೆ ದೂರವಾದ ಈ ನೆಲದವರಿಗೂ ರಣಸಾಧನಗಳ ಪರಿಚಯ ಹೀಗೆ ಉಂಟು. ಯಂತ್ರವನ್ನು ಕಂಡು ಬೆರಗಾಗುವುದು ಸುಲಭ. ಅದನ್ನು ನಡೆಸುವವನ ಹೊಣೆಯನ್ನು ತೂಗಿನೋಡುವುದು ಕಷ್ಟ. ಕರುಣೆಯನ್ನು ಬಾಳಿನ ಅಡಿಗಲ್ಲಾಗಿ ಇರಿಸಿಕೊಂಡ ಗೃಹಸ್ಥನು ರಣಪರಾಕ್ರಮವನ್ನು ಯಾವ ಮನಸ್ಸಿನಿಂದ ಗೌರವಿಸಬೇಕು? ಇದು ವಿಚಾರಾರ್ಹವಾದ ಪ್ರಶ್ನೆ.

1971ರ ಯುದ್ಧದಲ್ಲಿ ಒಂದೇ ವಾರದೊಳಗೆ ನಡೆದ ಎರಡು ಘಟನೆಗಳು ಈ ವಿಚಾರಕ್ಕೆ ಬೆಳಕು ನೀಡುತ್ತವೆ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆದ ದಾಳಿಯ ನೌಕಾತಂಡಕ್ಕೆ ಮುಖಂಡರಾಗಿದ್ದವರು ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲರಾಯರು. ಹೆಸರಿನಲ್ಲಿಯೇ ನಮ್ಮ ಗಡಿನಾಡಿನ ಊರನ್ನು ಹೊತ್ತ ಈ ಅಧಿಕಾರಿಯು 'ಕಿಲ್ತಾನ್' ನೌಕೆಯ ನಾಯಕರಾಗಿದ್ದರು. ಅದರೊಡನೆ 'ಕಚ್ಚಾಲ್' ಎಂಬ ಮತ್ತೊಂದು ನೌಕೆ; 'ನಿಪಾತ್', 'ನಿರ್ಘಾತ್', 'ವೀರ್' ಎಂಬ ಮೂರು ಕ್ಷಿಪಣಿ ದೋಣಿಗಳು. ಆ ದೋಣಿಗಳು ಕರಾವಳಿಯ ಕಾವಲಿಗೆಂದು ರಚಿತವಾದವು. ದೂರಸಾಗರದ ದಾಳಿ ಅವುಗಳಿಗೆ ಹೇಳಿದ್ದಲ್ಲ. ಹಗಲೆಲ್ಲ ಶತ್ರುವಿಮಾನಗಳ ಅಳವಿನಿಂದಾಚೆ ಕಾದಿದ್ದು, ಕತ್ತಲಾದ ಮೇಲೆ ಮುನ್ನುಗ್ಗಿದ ತಂಡವು 'ಖೈಬರ್' ಎಂಬ ವಿನಾಶಕ ನೌಕೆಯನ್ನೂ 'ಮುಹಾಫಿಜ್' ಎಂಬ ಸಿಡಿಗುಂಡು ಶೋಧಕ ನೌಕೆಯನ್ನೂ ಮುಳುಗಿಸಿತು. ಬಂದರಿನ ತೈಲಾಗಾರಗಳು ಹೊತ್ತಿ ಉರಿದವು. ತಂಡದವರೆಲ್ಲರೂ ಜೀವಸಹಿತ ಹಿಂದಿರುಗಿದರು. ಇಂದಿಗೂ ಡಿಸೆಂಬರ್ 4 ನೌಕಾದಿನವೆಂದು ಆಚರಿತವಾಗುತ್ತಿದೆ. ಗೋಪಾಲರಾಯರಿಗೆ ಮಹಾವೀರಚಕ್ರವು ಸಂದಿತು. ಅವರು 2021ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು.

ಇದಾದ ಐದನೆಯ ರಾತ್ರಿ, ಡಿಸೆಂಬರ್ 9ರಂದು, ದಿಯು ಸಮೀಪದ ಕಡಲಿನಲ್ಲಿ 'ಹಂಗೋರ್' ಎಂಬ ಪಾಕಿಸ್ತಾನದ ಜಲಾಂತರ್ಗಾಮಿಯು ಬಿಟ್ಟ ಟಾರ್ಪಿಡೋ ತಗುಲಿ ನಮ್ಮ 'ಖುಕ್ರಿ' ನೌಕೆಯು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಹದಿನೆಂಟು ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರು. ನಾಯಕ ಮಹೇಂದ್ರನಾಥ ಮುಲ್ಲಾ ಅವರು ನೌಕೆಯನ್ನು ತ್ಯಜಿಸಲು ಆಜ್ಞೆಯಿತ್ತು, ಇತರರನ್ನು ಪಾರುಮಾಡಲು ಯತ್ನಿಸುತ್ತ, ತಮ್ಮ ಜೀವರಕ್ಷಕ ಕವಚವನ್ನು ಒಬ್ಬ ನಾವಿಕನಿಗೆ ಕೊಟ್ಟು, ತಾವು ನೌಕೆಯೊಡನೆಯೇ ಉಳಿದರು. ಅವರಿಗೂ ಮರಣೋತ್ತರವಾಗಿ ಮಹಾವೀರಚಕ್ರವೇ ಸಂದಿತು.

ಒಬ್ಬರು ಗೆದ್ದು ಬಂದರು. ಮತ್ತೊಬ್ಬರು ನೌಕೆಯನ್ನೇ ಕಳೆದುಕೊಂಡರು. ಇಬ್ಬರಿಗೂ ಮನ್ನಣೆ ಒಂದೇ ಹೇಗೆ? ಫಲವನ್ನೇ ಅಳತೆಗೋಲಾಗಿ ಹಿಡಿದವನಿಗೆ ಇದು ಒಗಟು. ಕಾಯಕದ ತತ್ತ್ವವನ್ನು ಅರಿತವನಿಗೆ ಇದು ಒಗಟಲ್ಲ. ಫಸಲು ಬಂದ ವರ್ಷದ ಒಕ್ಕಲಿಗನೂ ಮಳೆ ಕೈಕೊಟ್ಟ ವರ್ಷದ ಒಕ್ಕಲಿಗನೂ ಉತ್ತ ಉಳುಮೆ ಒಂದೇ ಆಗಿದ್ದರೆ ಅವರ ಕಾಯಕದಲ್ಲಿ ಹೆಚ್ಚುಕಡಿಮೆಯುಂಟೆ? ಗೋಪಾಲರಾಯರು ಹಗಲಿನಲ್ಲಿ ಕಾದದ್ದು, ಮುಲ್ಲಾ ಅವರು ಕೊನೆಯ ಗಳಿಗೆಯಲ್ಲಿ ನಿಂತದ್ದು, ಎರಡರ ಬೇರೂ ಒಂದೇ: ತನ್ನನ್ನು ನಂಬಿದವರ ಪ್ರಾಣವು ತನ್ನ ಪ್ರಾಣಕ್ಕಿಂತ ಮೊದಲೆಂಬ ಅರಿವು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನೌಕೆಯೊಡನೆ ಮುಳುಗುವುದರಿಂದ ಯಾರಿಗೆ ಉಪಕಾರ? ಬದುಕಿ ಮತ್ತೆ ಸೇವೆ ಸಲ್ಲಿಸಬಹುದಿತ್ತಲ್ಲವೆ? ಸಾವನ್ನು ಅರಸಿಹೋಗುವುದು ಧರ್ಮವಲ್ಲವೆಂಬ ಮಾತು ನಿಜ. ಆದರೆ ಮುಲ್ಲಾ ಅವರು ಸಾವನ್ನು ಅರಸಲಿಲ್ಲ. ಕೆಲಸ ಮುಗಿಯುವ ಮೊದಲು ಕಾಲವೇ ಮುಗಿಯಿತು. ಹೊರಬರಲಾರದ ನಾವಿಕರು ನೌಕೆಯಲ್ಲಿನ್ನೂ ಇರುವಾಗ ತನ್ನ ಕಾಯಕವು ಮುಗಿಯಿತೆಂದು ನಾಯಕನು ಹೇಗೆ ಹೇಳಿಯಾನು? ಒಂದು ಕವಚವನ್ನು ಕೊಟ್ಟದ್ದು ಸಂಖ್ಯೆಯಲ್ಲಿ ಅಲ್ಪವೆನಿಸಬಹುದು. ತನ್ನಲ್ಲಿ ಉಳಿದಿದ್ದ ಕೊನೆಯ ವಸ್ತುವನ್ನೂ ಅಗತ್ಯವಿದ್ದವನಿಗೆ ಸಲ್ಲಿಸುವುದಕ್ಕೆ ದಾಸೋಹವೆಂಬ ಹೆಸರಲ್ಲದೆ ಬೇರೆ ಹೆಸರು ಒಪ್ಪದು.

ಇನ್ನೂ ಒಂದು ಮಾತು. ಖೈಬರ್ ನೌಕೆಯಲ್ಲಿ ಮಡಿದವರಿಗೂ ತಾಯಂದಿರಿದ್ದರು. ಬಾಗಿಲಲ್ಲಿ ಕಾದುನಿಂತ ಮಕ್ಕಳಿದ್ದರು. ದೇಶರಕ್ಷಣೆಗಾಗಿ ನಡೆದ ಕೊಲೆಯೂ ಕೊಲೆಯೇ. ಅನಿವಾರ್ಯವಾದುದೆಂಬ ಮಾತ್ರಕ್ಕೆ ಅದು ಹಬ್ಬವಾಗದು. ಖುಕ್ರಿಗಾಗಿ ಕಣ್ಣೀರಿಟ್ಟು ಖೈಬರಿಗಾಗಿ ಕೇಕೆ ಹಾಕುವ ಮನಸ್ಸು ವೀರರನ್ನು ಗೌರವಿಸುವುದಿಲ್ಲ. ಅದು ತನ್ನ ಅಹಂಕಾರವನ್ನು ತಣಿಸಿಕೊಳ್ಳುತ್ತದೆ, ಅಷ್ಟೆ. ಹೊಣೆಯನ್ನು ಕೊಂಡಾಡಬೇಕು, ಸಾವಿಗಾಗಿ ಮರುಗಬೇಕು. ಈ ಎರಡನ್ನೂ ಒಂದೇ ಎದೆಯಲ್ಲಿ ಇರಿಸಿಕೊಳ್ಳುವುದೇ ಗೃಹಸ್ಥನಿಗೆ ಒಪ್ಪುವ ಗೌರವ.

ಕಡಲನ್ನೇ ಕಾಣದವನಿಗೂ ಈ ಪಾಠವು ಸಲ್ಲುತ್ತದೆ. ಮನೆಗೆ ಯಜಮಾನನಾದವನು, ಅಂಗಡಿಗೆ ಒಡೆಯನಾದವನು, ಕಚೇರಿಗೆ ಅಧಿಕಾರಿಯಾದವನು ತನ್ನನ್ನು ತಾನೇ ಕೇಳಿಕೊಳ್ಳಲಿ: ಕಷ್ಟ ಬಂದಾಗ ಮೊದಲು ಯಾರನ್ನು ಪಾರುಮಾಡುವೆನು? ಬರದ ವರ್ಷದಲ್ಲಿ ಆಳಿನ ಕೂಲಿಯನ್ನು ಕಡಿದು ತನ್ನ ಊಟದ ಎಲೆಯನ್ನು ತುಂಬಿಸಿಕೊಳ್ಳುವ ಒಡೆಯನು ನೌಕೆ ಮುಳುಗುವ ಮೊದಲೇ ದೋಣಿಯೇರಿದ ನಾಯಕನಂತೆ. ಕೆಳಗಿನವರೆಲ್ಲರೂ ಉಂಡ ಮೇಲೆ ತಾನು ಉಣ್ಣುವವನಿಗೆ ಪದಕವು ದೊರೆಯಲಾರದು. ಆದರೂ ಆ ನಾಯಕರ ಕಾಯಕದಲ್ಲಿ ಅವನಿಗೂ ಪಾಲುಂಟು.