ಲೆಕ್ಕವೋ, ಉಪಕಾರವೋ?

ರಸ್ತೆಗೆ ಡಾಂಬರು ಬೀಳುವ ಮೊದಲೇ ಶಾಸಕರ ಭಾವಚಿತ್ರದ ಬ್ಯಾನರ್ ಏಳುತ್ತದೆ. ಗುದ್ದಲಿಪೂಜೆ ಎಂದು, ಅಧ್ಯಕ್ಷತೆ ಯಾರದು, ಎಲ್ಲವೂ ನಮಗೆ ತಿಳಿಯುತ್ತದೆ. ಖರ್ಚೆಷ್ಟು, ಕಾಮಗಾರಿ ಮುಗಿಯುವುದೆಂದು ಎಂಬುದು ಮಾತ್ರ ತಿಳಿಯುವುದಿಲ್ಲ. ಇದನ್ನು ಮಾಹಿತಿ ಎನ್ನಬಹುದೇ?

ಕರ್ನಾಟಕದಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಅವರ ಕಿಸೆಯದ್ದಲ್ಲ, ನಮ್ಮೆಲ್ಲರ ಅಮಾನತ್ತು. ಅಮಾನತ್ತು ಇಟ್ಟವರಿಗೆ ಲೆಕ್ಕ ಒಪ್ಪಿಸುವುದು ಉಪಕಾರ ಹೇಗಾದೀತು? 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೂಡ, ಜನ ಕೇಳುವ ಮುನ್ನವೇ ಕಚೇರಿಗಳು ತಿಳಿಸಬೇಕೆನ್ನುತ್ತದೆ.

ಖಲೀಫಾ ಉಮರ್(ರ)ರ ಅಂಗಿಗೆ ಇಷ್ಟು ಬಟ್ಟೆ ಎಲ್ಲಿಂದ ಬಂತೆಂದು ತುಂಬಿದ ಸಭೆಯಲ್ಲಿ ಒಬ್ಬರು ಕೇಳಿದ ಪ್ರಸಂಗ ಪ್ರಸಿದ್ಧ. ಖಲೀಫರು ಸಿಟ್ಟಾಗಲಿಲ್ಲ, ತನ್ನ ಪಾಲನ್ನೂ ತಂದೆಗೆ ಕೊಟ್ಟೆನೆಂದು ಮಗನಿಂದಲೇ ಹೇಳಿಸಿದರು. ನಮ್ಮ ಜಮಾಅತ್‌ಗಳೋ, ಖಬರಸ್ಥಾನಕ್ಕೊಂದು ಆವರಣಗೋಡೆ ಸಿಕ್ಕರೆ ಶಾಸಕರಿಗೆ ಶಾಲು ಹೊದಿಸುತ್ತವೆ. ಗ್ರಾಮಸಭೆಗೆ ಹೋಗಿ ಲೆಕ್ಕ ಕೇಳುವವರು ವಿರಳ.