ಜಪಸರವೂ ಬಿ.ಪಿ. ಗುಳಿಗೆಯೂ



ಶಹಾಪುರದಲ್ಲಾಗಲಿ, ಖಾನಾಪುರದ ಹಳ್ಳಿಗಳಲ್ಲಾಗಲಿ, ಅಕ್ಟೋಬರ್ ಬಂತೆಂದರೆ ಕೊಂಕಣಿಯಲ್ಲೋ ಮರಾಠಿಯಲ್ಲೋ ಕನ್ನಡದಲ್ಲೋ ನಾವು ಕೂಡಿ ಜಪಸರ ಹೇಳುತ್ತೇವೆ. ಮುಗಿದು ಚಹಾ ಬರುವಷ್ಟರಲ್ಲಿ ಹಿರಿಯರ ಮಾತು ಬಿ.ಪಿ., ಶುಗರಿನತ್ತ ತಿರುಗುವುದು ವಾಡಿಕೆ. "ಜಪಸರ ಹೇಳಿದರೆ ಬಿ.ಪಿ. ಇಳಿಯುತ್ತದಂತೆ, ವಿಜ್ಞಾನಿಗಳೇ ಹೇಳಿದ್ದಾರೆ. ಇನ್ನು ಗುಳಿಗೆ ಯಾಕೆ ಬೇಕು?" ಎನ್ನುವವರಿದ್ದಾರೆ. "ಹಾಗಾದರೆ ಪ್ರಾರ್ಥನೆ ಎಂದರೆ ಬರೀ ಉಸಿರಾಟದ ವ್ಯಾಯಾಮವಲ್ಲವೇ?" ಎಂದು ಕೇಳುವ ಕಾಲೇಜು ಹುಡುಗರೂ ಇದ್ದಾರೆ. ಮೊದಲನೆಯ ಮಾತು ಪ್ರಾಣಕ್ಕೆ ಅಪಾಯ, ಎರಡನೆಯದು ವಿಶ್ವಾಸಕ್ಕೆ. ಆದ್ದರಿಂದ ಎರಡನ್ನೂ ಶಾಂತವಾಗಿ ವಿಚಾರ ಮಾಡೋಣ.

ಮೊದಲು ದೇಹದ ಸಂಗತಿ. ನೇಕಾರನು ಕೈ ತೆಗೆದರೆ ಕೈಮಗ್ಗ ನಿಲ್ಲುತ್ತದೆ. ನಾವು ನಿದ್ದೆಹೋದರೂ ಹೃದಯ ನಿಲ್ಲುವುದಿಲ್ಲ. ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ನಮ್ಮ ಅಪ್ಪಣೆಗೆ ಕಾಯದೆ ಹೃದಯ, ರಕ್ತನಾಳ, ಜೀರ್ಣಾಂಗಗಳನ್ನು ನಡೆಸುವ ವ್ಯವಸ್ಥೆಗೆ ಸ್ವಾಯತ್ತ ನರಮಂಡಲವೆಂದು ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ವಿಭಾಗಗಳಿವೆ. ಕತ್ತಲಲ್ಲಿ ನಾಯಿ ಮೈಮೇಲೆ ಬಂದರೆ ಒಂದು ವಿಭಾಗ ಎಚ್ಚೆತ್ತು ಎದೆ ಬಡಿತವನ್ನು ಹೆಚ್ಚಿಸುತ್ತದೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ರಕ್ತದೊತ್ತಡ ಏರುತ್ತದೆ. ಇನ್ನೊಂದು ವಿಭಾಗವು ಮಿದುಳಿನಿಂದ ಎದೆಗಿಳಿಯುವ ವೇಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆ. ಯಾವ ನರವೂ ತಡೆಯದಿದ್ದರೆ ನಮ್ಮ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತಿತ್ತು. ವಿಶ್ರಾಂತಿಯಲ್ಲಿ ಅದು 70ರ ಆಸುಪಾಸಿನಲ್ಲಿ ಇರುವುದು ಈ ನರದ ಹಿಡಿತದಿಂದ. ಚೋರ್ಲಾ ಘಾಟ್ ಇಳಿಯುವ ಬಸ್ಸಿನ ಚಾಲಕ ಬ್ರೇಕಿನ ಮೇಲೆ ಕಾಲಿಟ್ಟಿರುವಂತೆಯೇ ಇದು.

ಈ ಬ್ರೇಕಿಗೆ ಸುದ್ದಿ ಮುಟ್ಟಿಸಲು ಕಾವಲುಗಾರರೂ ಇದ್ದಾರೆ. ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲಿಯೂ ಇರುವ ಸೂಕ್ಷ್ಮ ನರತುದಿಗಳು ಒತ್ತಡ ಏರಿದ ಕೂಡಲೇ ಮಿದುಳಿಗೆ ತಿಳಿಸುತ್ತವೆ. ಮಿದುಳು ಹೃದಯವನ್ನು ತಡೆಯುತ್ತದೆ, ನಾಳಗಳನ್ನು ಸಡಿಲಿಸುತ್ತದೆ. ಆದರೆ ಒತ್ತಡ ತಿಂಗಳುಗಟ್ಟಲೆ ಏರಿಯೇ ಇದ್ದರೆ ಕಾವಲುಗಾರರು ಅದಕ್ಕೇ ಒಗ್ಗಿಹೋಗುತ್ತಾರೆ. ಏರಿದ ಒತ್ತಡವೇ ಸರಿಯೆಂದು ತಿಳಿದು ಅದನ್ನೇ ಕಾಯತೊಡಗುತ್ತಾರೆ. ಇಂಥ ರೋಗಿಗೆ ಸಾಮಾನ್ಯವಾಗಿ ಯಾವ ನೋವೂ ಇರುವುದಿಲ್ಲ. "ನನಗೇನೂ ಆಗಿಲ್ಲ" ಎಂಬ ಭಾವನೆಯನ್ನು ನಂಬಬಾರದು ಎನ್ನುವುದು ಇದಕ್ಕಾಗಿಯೇ. ಪಾಪಕ್ಕೆ ಒಗ್ಗಿದ ಮನಸ್ಸಾಕ್ಷಿಯ ಗತಿಯೂ ಇದೇ ಅಲ್ಲವೇ?

ಇನ್ನು ಜಪಸರದ ಸಂಗತಿ. ಇಟಲಿಯ ಲುಚಾನೊ ಬೆರ್ನಾರ್ದಿ ಎಂಬ ವೈದ್ಯರೂ ಅವರ ಸಂಗಡಿಗರೂ 23 ಮಂದಿ ಆರೋಗ್ಯವಂತರಿಂದ ಲತೀನ್ ಭಾಷೆಯಲ್ಲಿ 'ನಮೋ ಮರಿಯ' ಪ್ರಾರ್ಥನೆಯನ್ನು ಹೇಳಿಸಿ ನೋಡಿದರು. ಅದರ ವರದಿ 2001ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪ್ರಾರ್ಥನೆ ಹೇಳುವಾಗ ಅವರ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ರಕ್ತಪರಿಚಲನೆಗೂ ಸುಮಾರು 10 ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ಸಹಜ ಲಯವುಂಟು. ಉಸಿರು ಅದರೊಡನೆ ಹೊಂದಿಕೊಂಡಾಗ ಆ ಕಾವಲುಗಾರರ ಚುರುಕು ಹೆಚ್ಚಿತ್ತು.

ನೆನಪಿಡಿ: ಅವರು ಪರೀಕ್ಷಿಸಿದ್ದು ಆರೋಗ್ಯವಂತರನ್ನು, ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ಜಪಸರ ಹೇಳಿದವರ ಬಿ.ಪಿ. ರೋಗ ವಾಸಿಯಾಯಿತೆಂದು ಅವರು ಎಲ್ಲಿಯೂ ಹೇಳಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಅದನ್ನು ನಮ್ಮವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 'ಓಂ ಮಣಿ ಪದ್ಮೇ ಹುಂ' ಎಂಬ ಬೌದ್ಧ ಮಂತ್ರವನ್ನು ಹೇಳಿದಾಗಲೂ ಇದೇ ಪರಿಣಾಮ ಕಂಡಿತು. ಈ ಮಂತ್ರ ನಮಗೆ ದೂರದ್ದೇನಲ್ಲ. ನೆರೆಯ ಉತ್ತರ ಕನ್ನಡದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟ್ ಜನರ ಬಾಯಲ್ಲಿ ಅದು ದಿನವೂ ಇದೆ. ಹಾಗಾದರೆ ಎರಡೂ ಒಂದೇ ಎನ್ನೋಣವೇ? ಅಥವಾ ಈ ಸಂಗತಿಯನ್ನು ಮುಚ್ಚಿಡೋಣವೇ?

ಎರಡೂ ಬೇಡ. ನರಮಂಡಲವನ್ನು ದೇವರು ಕ್ರೈಸ್ತರಿಗೊಂದು, ಬೌದ್ಧರಿಗೊಂದು ಎಂದು ಬೇರೆಬೇರೆಯಾಗಿ ಸೃಷ್ಟಿಸಲಿಲ್ಲ. ನಿಧಾನವಾದ ಉಸಿರು ಯಾರ ಎದೆಯನ್ನಾದರೂ ತಣಿಸುತ್ತದೆ. ಲೂಕನ ಶುಭಸಂದೇಶದ ಹದಿನೇಳನೆಯ ಅಧ್ಯಾಯವನ್ನು ನೆನೆಯಿರಿ: ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನೂ ಗುಣಪಡಿಸಿದರು. ದೇಹಕ್ಕೆ ಆದ ಲಾಭ ಹತ್ತು ಮಂದಿಗೂ ಒಂದೇ. ಒಬ್ಬನು ಮಾತ್ರ ಹಿಂದಿರುಗಿ ಬಂದು ಪಾದಕ್ಕೆರಗಿದನು, ಅವನೂ ಹೊರಗಿನವನು. ಲಾಭ ಬೇರೆ, ಸಂಬಂಧ ಬೇರೆ. ಪ್ರಾರ್ಥನೆ ಹುಟ್ಟುವುದು ಆ ಹಿಂದಿರುಗುವಿಕೆಯಲ್ಲಿ. ಅದನ್ನು ಯಾವ ಯಂತ್ರವೂ ಅಳೆಯಲಾರದು.

ತಾಯಿ ಎತ್ತಿಕೊಂಡಾಗ ಅಳುವ ಮಗುವಿನ ಎದೆಬಡಿತ ಇಳಿಯುತ್ತದೆ. ಹಾಗೆಂದು ತಾಯಿಯ ಪ್ರೀತಿ ಎದೆಬಡಿತ ಇಳಿಸುವ ಉಪಾಯವೆಂದು ಯಾರಾದರೂ ಹೇಳುವರೇ? ಪ್ರೀತಿ ಇದ್ದಲ್ಲಿ ದೇಹವೂ ತನ್ನ ಪಾಲನ್ನು ಪಡೆಯುತ್ತದೆ. ವರಪ್ರಸಾದವು ಪ್ರಕೃತಿಯನ್ನು ಅಳಿಸದೆ ಪೂರ್ಣಗೊಳಿಸುತ್ತದೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದು ಇಲ್ಲಿ ಅರ್ಥವಾಗುತ್ತದೆ. ಮನಸ್ಸಿನ ನೆಮ್ಮದಿಗಾಗಿ ಜಪಸರ ಹಿಡಿಯುವುದು ತಪ್ಪೇ ಎಂದರೆ, ಖಂಡಿತ ಅಲ್ಲ. ದೇಹದ ನೋವಿಗಾಗಿ ಬಂದವರನ್ನು ಸ್ವಾಮಿ ಹಿಂದಕ್ಕೆ ಕಳುಹಿಸಲಿಲ್ಲ. ನೆಮ್ಮದಿ ಸಿಕ್ಕಿದಲ್ಲಿಗೇ ನಿಂತುಬಿಡಬಾರದು, ಅಷ್ಟೇ.

ಅದೇ ಸಂತರು ಇನ್ನೊಂದು ಮಾತು ಹೇಳಿದ್ದಾರೆ. ಬುದ್ಧಿಯು ಕೈಕಾಲುಗಳನ್ನು ಒಡೆಯನು ಆಳನ್ನು ಆಳಿದಂತೆ ಆಳುತ್ತದೆ. ಕೋಪ, ಭಯಗಳನ್ನಾದರೋ ಎದುರಾಡಬಲ್ಲ ಸ್ವತಂತ್ರ ಪ್ರಜೆಗಳನ್ನು ಆಳುವಂತೆ ಒಲಿಸಿಕೊಂಡು ಆಳಬೇಕು. ಆದ್ದರಿಂದ ಹೊಲದ ಗಡಿಯ ಜಗಳದಲ್ಲಿ ಎದೆ ಢವಗುಟ್ಟಿದ್ದೇ ಪಾಪವಲ್ಲ. ಆ ಕೋಪವನ್ನು ವರ್ಷಗಟ್ಟಲೆ ಸಾಕಿಕೊಂಡು, ಅಣ್ಣತಮ್ಮಂದಿರು ಮಾತು ಬಿಡುವುದು ನಮ್ಮ ಇಚ್ಛೆಯ ಕೃತ್ಯ. ಅದಕ್ಕೆ ನಾವೇ ಉತ್ತರ ಕೊಡಬೇಕು. ಹೃದಯವು ನಮ್ಮ ಅಪ್ಪಣೆ ಕೇಳದು; ಆದರೆ ತಾನಾಗಿ ನಡೆಯುವ ಉಸಿರು ನಾವು ಹೇಳಿದರೂ ಕೇಳುತ್ತದೆ. ಒಳಗಿನ ಆ ಪ್ರಜೆಗಳನ್ನು ಒಲಿಸಿಕೊಳ್ಳಲು ದೇವರು ತೆರೆದಿಟ್ಟ ಬಾಗಿಲು ಅದು.

ಕೊನೆಯದಾಗಿ ಒಂದು ಎಚ್ಚರಿಕೆ. "ವಿಶ್ವಾಸ ಕಡಿಮೆ, ಅದಕ್ಕೇ ಬಿ.ಪಿ. ಇಳಿಯಲಿಲ್ಲ" ಎಂದು ಯಾರಿಗೂ ಹೇಳಬೇಡಿ. ಬಿ.ಪಿ. ಏರಲು ವಂಶ, ವಯಸ್ಸು, ತೂಕ, ಉಪ್ಪು, ಕುಡಿತ, ಮೂತ್ರಪಿಂಡದ ದೋಷ ಹೀಗೆ ಅನೇಕ ಕಾರಣಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇವರೆಲ್ಲರೂ ವಿಶ್ವಾಸಹೀನರೇ? ಪ್ರಾರ್ಥಿಸಿಯೂ ಗುಣವಾಗದವರ ಮೇಲೆ ನಾವು ಹೊರಿಸುವ ಈ ಅಪವಾದ ಅವರ ರೋಗಕ್ಕಿಂತ ಭಾರವಾದುದು.

ಹಾಗೆಯೇ ಗುಳಿಗೆ ಬಿಟ್ಟು ಜಪಸರ ಹಿಡಿಯುವುದು ಭಕ್ತಿಯಲ್ಲ. ಅದು ದೇವರನ್ನು ಪರೀಕ್ಷಿಸುವುದು. ದೇವಾಲಯದ ಶಿಖರದಿಂದ ಧುಮುಕೆಂದ ಸೈತಾನನ ಮಾತಿಗೆ ಸ್ವಾಮಿ ಒಪ್ಪಲಿಲ್ಲ. ವೈದ್ಯನನ್ನೂ ಮದ್ದನ್ನೂ ಸೃಷ್ಟಿಸಿದವನು ದೇವರೇ ಎಂದು ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ ಬೋಧಿಸುತ್ತದೆ. ಬಿ.ಪಿ. 140/90ರ ಮೇಲೆಯೇ ನಿಲ್ಲುತ್ತಿದ್ದರೆ ವೈದ್ಯರನ್ನು ಕಾಣಿರಿ. ಅವರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿರಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಿತವಾಗಿರಲಿ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಂದು ಸಂಜೆ ಹೇಳಿದ ಹೊತ್ತಿಗೆ ಗುಳಿಗೆ ತೆಗೆದುಕೊಳ್ಳಿರಿ. ಆಮೇಲೆ ಮನೆಮಂದಿಯನ್ನು ಕರೆದು, ಅವಸರಪಡದೆ ಜಪಸರ ಹೇಳಿರಿ. ಮೊದಲನೆಯದು ದೇವರು ಕೊಟ್ಟ ದೇಹಕ್ಕೆ ನಾವು ಸಲ್ಲಿಸುವ ಋಣ; ಎರಡನೆಯದು ಆ ದೇಹವನ್ನು ಕೊಟ್ಟ ದೇವರಿಗೆ.