ಛೂ ಎಂದವರು ಯಾರು?

ನಾಯಿ ಬೊಗಳಿದರೆ ದೇವಲೋಕ ಹಾಳೇ?

ಬೈಗುಳ ತಿಂದು ಬಂದವರಿಗೆ ನಮ್ಮ ಕಡೆ ಮೊದಲು ಸಿಗುವ ಸಮಾಧಾನ ಈ ಗಾದೆ. ಗದಗ ಬಳಿಯ ಹುಲಕೋಟಿಯ ಹುಡುಗನೊಬ್ಬ ತೋಳದ ಫೋಟೊ ಹಾಕಿ, ಕಪ್ಪತಗುಡ್ಡದ ಬುಡದಾಗ ಕಲ್ಲುಗಣಿ ಬ್ಯಾಡ ಎಂದು ನಾಲ್ಕು ಸಾಲು ಬರೆದ ಅನ್ನಿ. ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವನು ರೊಕ್ಕ ತಿಂದಾವ, ಅಭಿವೃದ್ಧಿ ವಿರೋಧಿ, ಡೋಂಗಿ ಪರಿಸರವಾದಿ. ಮನೆಯಿರುವ ಓಣಿ, ಅಕ್ಕನ ಹೆಸರು ಕೂಡ ಓಡಾಡತೊಡಗುತ್ತವೆ. ‘ಯಾಕ ಮನಸಿಗೆ ಹಚ್ಕೋತಿ ತಮ್ಮಾ, ನಾಯಿ ಬೊಗಳಿದ್ರ...’ ಎನ್ನುತ್ತಾರೆ ಕಟ್ಟೆಯ ಹಿರಿಯರು.

ಗಾದೆಯ ಧೈರ್ಯವೆಲ್ಲ ಅದರ ದೇವಲೋಕದಲ್ಲಿದೆ. ಅದನ್ನು ಅಗೆಯಲು ಯಾರೂ ಅರ್ಜಿ ಹಾಕುವುದಿಲ್ಲ. ಹುಲಕೋಟಿಯ ನೆರೆಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ಕಡೆಗೆ ಚಾಚಿದ ಕಪ್ಪತಗುಡ್ಡಕ್ಕೆ ಆ ಭಾಗ್ಯವಿಲ್ಲ. 2015ರ ಡಿಸೆಂಬರಿನಲ್ಲಿ ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2016ರ ನವೆಂಬರಿನಲ್ಲಿ ಸರ್ಕಾರವೇ ಆದೇಶ ಹಿಂತೆಗೆದುಕೊಂಡಿತು. ಅದರ ವಿರುದ್ಧ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಗದಗಿನಲ್ಲಿ ಧರಣಿ ಕೂತರು. 2017ರ ಏಪ್ರಿಲಿನಲ್ಲಿ ಮೀಸಲು ಮರಳಿ ಬಂತು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಮಂದಿ ಏನಂತಾರೆ ಎಂಬುದರ ಮೇಲೆ ಹೋಗಿ ಬಂದ ಗುಡ್ಡ ಇದು. ಇಂಥಲ್ಲಿ ಮೊಬೈಲಿನ ಗದ್ದಲ ಬರೀ ಗದ್ದಲವಾಗಿ ಉಳಿಯುವುದಿಲ್ಲ. ನಾಳೆ ಅದೇ ಫೈಲಿನೊಳಗೆ ‘ಸ್ಥಳೀಯರ ವಿರೋಧ’ ಎಂದು ಕೂತೀತು.

ಗಾದೆ ಇನ್ನೊಂದು ಮಾತನ್ನೂ ಕೇಳುವುದಿಲ್ಲ: ನಾಯಿ ತಾನಾಗಿ ಬೊಗಳಿತೋ, ಯಾರಾದರೂ ಛೂ ಬಿಟ್ಟರೋ? ಛೂ ಬಿಡುವುದು ಹೊಸ ವಿದ್ಯೆಯಲ್ಲ. ನಾಗರಹೊಳೆಯ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಬೇಟೆಗಾರರನ್ನು ತಡೆದದ್ದಕ್ಕೆ 1988ರಲ್ಲಿ ಕೊಲೆ ಆರೋಪ ಹೊತ್ತರು, ಕೊನೆಗೆ ನಿರ್ದೋಷಿಯಾದರು. 1992ರಲ್ಲಿ ಅಲ್ಲೇ ಎದ್ದ ಗಲಭೆಯಲ್ಲಿ ಕಾಡಿಗೇ ಬೆಂಕಿ ಬಿತ್ತು. ಆಗ ಮೊಬೈಲ್ ಇರಲಿಲ್ಲ. ಈಗ ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಹತ್ತು ಖಾತೆಗಳಿಂದ ಬಂದರೆ, ಉತ್ತರ ಬರೆಯುತ್ತಾ ರಾತ್ರಿ ಕಳೆಯುವುದು ದಂಡ. ಸ್ಕ್ರೀನ್‌ಶಾಟ್, ಲಿಂಕ್, ತಾರೀಕು ಎತ್ತಿಟ್ಟುಕೊಳ್ಳಬೇಕು. ಮೂಲ ಸಂದೇಶವನ್ನು ಮೊಬೈಲಿನಿಂದ ಅಳಿಸಬಾರದು, ಏಕೆಂದರೆ ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಜೀವ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು ಇದೆ, ಹೆಣ್ಣುಮಕ್ಕಳನ್ನು ಬೆನ್ನುಹತ್ತಿ ಕಾಡುವುದಕ್ಕೆ 78. ಬರೀ ಬೈಗುಳಕ್ಕೆ ಠಾಣೆ ಹತ್ತುವುದು ನನಗೆ ಒಪ್ಪಿಗೆಯಿಲ್ಲ. ಆನ್‌ಲೈನ್ ಮಾತಿಗೇ ಜೈಲು ತೋರಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಹೊಡೆದುಹಾಕಿದ್ದು ಒಳ್ಳೆಯದೇ ಆಯಿತು. ಅದು ಇದ್ದಿದ್ದರೆ ಮೊದಲು ಒಳಗೆ ಹೋಗುವವನು ತೋಳದ ಹುಡುಗನೇ.

ಸ್ವಾಮೀಜಿಯವರ ಬೆನ್ನಿಗೆ ಮಠವಿತ್ತು, ಮಂದಿ ಇದ್ದರು. ಆ ಹುಡುಗನ ಬೆನ್ನಿಗೆ ಕಟ್ಟೆಯ ಹಿರಿಯರ ಗಾದೆಯೊಂದೇ. ಅವರೂ ಅದೇ ಗುಂಪಿನಲ್ಲಿದ್ದಾರೆ, ಎಲ್ಲವನ್ನೂ ಓದಿ ಸುಮ್ಮನಿದ್ದಾರೆ.

ಆದರೆ ಗಾದೆಯ ಸೊಕ್ಕು ನನ್ನನ್ನು ಹೆಚ್ಚು ಕಾಡುತ್ತದೆ. ಎದುರು ಮಾತಾಡಿದವರೆಲ್ಲ ಅದಕ್ಕೆ ನಾಯಿಗಳೇ. ‘ಅಭಯಾರಣ್ಯ ಅಂದ್ರ ನಮ್ಮ ಕುರಿ ಎಲ್ಲಿ ಮೇಯಬೇಕ್ರೀ?’ ಎಂದು ಶಿರಹಟ್ಟಿ ಕಡೆಯ ಕುರಿಗಾರ ಸಿಟ್ಟಿನಲ್ಲಿ ಧ್ವನಿ ಸಂದೇಶ ಕಳಿಸಿದರೆ ಅದು ಬೊಗಳಿಕೆಯಲ್ಲ, ಪ್ರಶ್ನೆ. ತೋಳ ಎತ್ತಿಕೊಂಡು ಹೋಗುವುದೂ ಅವನ ಕುರಿಯನ್ನೇ. ವನ್ಯಜೀವಿ ಕಾಯ್ದೆಯ 33ನೇ ಕಲಮು ಧಾಮದೊಳಗಿನ ಮೇವಿನ ವಿಷಯವನ್ನು ಮುಖ್ಯ ವನ್ಯಜೀವಿ ಪರಿಪಾಲಕರ ಕೈಗೆ ಕೊಟ್ಟಿದೆ. ಅವರು ಬಿಡಬಹುದು, ಮಿತಿ ಹಾಕಬಹುದು, ನಿಲ್ಲಿಸಲೂಬಹುದು. ಇದನ್ನು ಕಮೆಂಟಿನಲ್ಲಿ ಬರೆದರೆ ಮತ್ತೆ ಜಗಳವೇ. ಕುರಿಗಾರನ ಹಟ್ಟಿಗೆ ಹೋಗಿ, ಕಂಬಳಿಯ ಮೇಲೆ ಕೂತು, ಯಾವ ಗುಡ್ಡಕ್ಕೆ ಯಾವ ತಿಂಗಳು ಕುರಿ ಹೊಡೀತೀರಿ ಕಾಕಾ ಎಂದು ಕೇಳಿ ಬರೆದುಕೊಂಡು, ಆ ಕಾಗದವನ್ನು ಅವನ ಜೊತೆಗೇ ಅರಣ್ಯ ಇಲಾಖೆಗೆ ಒಯ್ಯಬೇಕು.